ದಪ್ಪ ದುಂಡು ಅಕ್ಷರದ ಬೋರ್ಡು: ಬರೆಸುವ ಮೊದಲು ಇಷ್ಟು ನೋಡಿಕೊಳ್ಳಿ

ಹೊಸ ಅಂಗಡಿ ತೆರೆಯುವವರಿಗೆ, ಡೇರಿ ಕಟ್ಟಡಕ್ಕೆ ಹೆಸರು ಬರೆಸುವವರಿಗೆ, ಶಾಲೆಯ ವಾರ್ಷಿಕೋತ್ಸವಕ್ಕೆ ಬ್ಯಾನರ್ ಮಾಡಿಸುವವರಿಗೆ ಒಂದೇ ಬಗೆಯ ತೊಂದರೆ ಎದುರಾಗುತ್ತದೆ. ಡಿಟಿಪಿ ಅಂಗಡಿಯ ಕಂಪ್ಯೂಟರಿನಲ್ಲಿ ಅಕ್ಷರ ಮುದ್ದಾಗಿ, ದುಂಡಗೆ, ಕಣ್ಣಿಗೆ ತುಂಬುವಂತೆ ಕಾಣುತ್ತದೆ. ಅದೇ ಬೋರ್ಡು ಮೇಲೇರಿದ ಮೇಲೆ ರಸ್ತೆಯ ಆ ಬದಿಯಿಂದ ನೋಡಿದರೆ ಬಣ್ಣದ ಉಂಡೆಗಳ ಸಾಲು. ‘ವಸಿ ದಪ್ಪ ಮಾಡಣ್ಣ, ದೂರುಕ್ಕೆ ಕಾಣಬೇಕು’ ಎಂದು ನೀವೇ ಹೇಳಿ ಮಾಡಿಸಿದ್ದು. ದಪ್ಪ ಮಾಡಿದಷ್ಟೂ ಓದು ಕೆಟ್ಟಿದೆ.

ಮಂಡ್ಯ ಜಿಲ್ಲೆಯ ಕೃಷ್ಣರಾಜಪೇಟೆ, ಪಾಂಡವಪುರ, ನಾಗಮಂಗಲ, ಶ್ರೀರಂಗಪಟ್ಟಣದ ಕಡೆ ಈಗ ಬೋರ್ಡು ಬದಲಿಸುವ ಕೆಲಸಕ್ಕೆ ಇನ್ನೊಂದು ಕಾರಣವೂ ಇದೆ. 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮಕ್ಕೆ 2024ರಲ್ಲಿ ಬಂದ ತಿದ್ದುಪಡಿಯ ಪ್ರಕಾರ ವ್ಯಾಪಾರ ಸ್ಥಳಗಳ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕು, ಅದೂ ಫಲಕದ ಮೇಲ್ಭಾಗದಲ್ಲಿ. ಇಷ್ಟು ದಿನ ಇಂಗ್ಲಿಷಿನ ಕೆಳಗೆ ಮೂಲೆಯಲ್ಲಿ ಸಣ್ಣಗಿದ್ದ ಕನ್ನಡ ಈಗ ಮೇಲೆ, ದೊಡ್ಡದಾಗಿ ಬರಬೇಕು. ಸಣ್ಣದಿದ್ದಾಗ ಮುಚ್ಚಿಹೋಗಿದ್ದ ತಪ್ಪುಗಳೂ ಅದರ ಜೊತೆಗೇ ದೊಡ್ಡದಾಗುತ್ತವೆ. ಹಾಗಾಗಿ ದಪ್ಪ ದುಂಡು ಅಕ್ಷರವನ್ನು ಎಲ್ಲಿ, ಎಷ್ಟು, ಹೇಗೆ ಬಳಸಬೇಕೆಂದು ಬೋರ್ಡು ಮಾಡಿಸುವವರೂ ತಿಳಿದಿರಬೇಕು. ಮಾಡುವವರ ಮೇಲೆ ಎಲ್ಲವನ್ನೂ ಬಿಡುವಂತಿಲ್ಲ.

ಯಾವುದನ್ನು ದಪ್ಪ ದುಂಡು ಅಕ್ಷರ ಎನ್ನುತ್ತೇವೆ?

ಹಳೆಯ ಪತ್ರಿಕೆಯ ಅಚ್ಚಿನ ಮೊಳೆಗಳನ್ನು ನೆನಪಿಸಿಕೊಳ್ಳಿ. ಗೆರೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು, ತುದಿ ಚೂಪು. ಲೇಖನಿಯ ಗುಣ ಅದರಲ್ಲಿ ಉಳಿದಿತ್ತು. ದಪ್ಪ ದುಂಡು ಅಕ್ಷರದಲ್ಲಿ ಗೆರೆ ಹೆಚ್ಚುಕಡಿಮೆ ಎಲ್ಲೆಡೆ ಒಂದೇ ದಪ್ಪ, ತುದಿಗಳು ದುಂಡು, ಎಲ್ಲೂ ಚೂಪು ಮೂಲೆಯಿಲ್ಲ. ಇಂಗ್ಲಿಷಿನಲ್ಲಿ 1979ರಲ್ಲಿ ಫೋಕ್ಸ್‌ವ್ಯಾಗನ್ ಕಾರು ಕಂಪನಿಗಾಗಿ ಮಾಡಿದ ವಿಎಜಿ ರೌಂಡೆಡ್ ಈ ಬಗೆಗೆ ಹೆಸರಾದದ್ದು. ಆ್ಯಪಲ್ ಕಂಪ್ಯೂಟರಿನ ಕೀಲಿಮಣೆಗಳ ಮೇಲೆ ಬಹಳ ವರ್ಷ ಅದೇ ಇತ್ತು. ಕನ್ನಡದಲ್ಲಿ ಇಂದು ಎಲ್ಲರ ಕೈಗೂ ಸಿಗುವುದು ಏಕ್ ಟೈಪ್ ತಂಡದ ‘ಬಲೂ ತಮ್ಮ 2’. ಒಂದೇ ಕುಟುಂಬವಾಗಿ ಭಾರತದ ಹಲವು ಲಿಪಿಗಳಿಗೆ ಮಾಡಿದ ಬಲೂ ಫಾಂಟಿನ ಕನ್ನಡ ರೂಪ ಇದು. ಗೂಗಲ್ ಫಾಂಟ್ಸ್‌ನಲ್ಲಿ ಉಚಿತ. ರೆಗ್ಯುಲರ್‌ನಿಂದ ಎಕ್ಸ್‌ಟ್ರಾ ಬೋಲ್ಡ್‌ವರೆಗೆ ಐದು ದಪ್ಪಗಳಲ್ಲಿ ಸಿಗುತ್ತದೆ. ಆ ದಪ್ಪಗಳು ಫಾಂಟ್ ಮಾಡುವಾಗಲೇ ಉದ್ದೇಶಿಸಿ ತಿದ್ದಿದವು ಎಂಬುದು ಮುಂದೆ ಬರುವ ಮಾತಿಗೆ ಬಹಳ ಮುಖ್ಯ.

ಕನ್ನಡಕ್ಕೆ ಇದು ಏಕೆ ಒಗ್ಗುತ್ತದೆ, ಎಲ್ಲಿ ಎಡವುತ್ತದೆ

ನಮ್ಮ ಲಿಪಿಯೇ ದುಂಡು. ಇಂಗ್ಲಿಷಿನ ಎಚ್, ಟಿ, ಎಲ್‌ಗಳ ತುದಿಯನ್ನು ದುಂಡಗೆ ಮಾಡಿದರೆ ಅಕ್ಷರದ ಚಹರೆಯೇ ಬದಲಾಗುತ್ತದೆ. ನಮ್ಮ ರ, ಗ, ಲ, ನ, ಒ ಇವುಗಳಲ್ಲಿ ಆ ಬದಲಾವಣೆ ಕಣ್ಣಿಗೆ ಹೊಡೆಯುವುದಿಲ್ಲ. ಕೈಯಲ್ಲಿ ಬೋರ್ಡು ಬರೆಯುವ ಪೇಂಟರುಗಳು ದುಂಡು ಕುಂಚದಿಂದ ಎಳೆದ ಗೆರೆಯೂ ಸಹಜವಾಗಿ ಹೀಗೇ ಮುಗಿಯುತ್ತಿತ್ತು. ಬೇಕರಿ, ಕಬ್ಬಿನ ಹಾಲಿನ ಅಂಗಡಿ, ಅಂಗನವಾಡಿ, ಮಕ್ಕಳ ಬಟ್ಟೆ ಅಂಗಡಿಗಳಿಗೆ ಈ ಅಕ್ಷರ ಹೊಂದುವುದು ಇದೇ ಕಾರಣಕ್ಕೆ. ಅದು ಹೆದರಿಸುವುದಿಲ್ಲ, ಅಧಿಕಾರ ಚಲಾಯಿಸುವುದಿಲ್ಲ.

ಎಡವುವ ಜಾಗವೂ ಲಿಪಿಯಲ್ಲೇ ಇದೆ. ದೂರದಿಂದ ನೋಡುವಾಗ ಸಣ್ಣ ವಿವರಗಳು ಮಸುಕಾಗುತ್ತವೆ, ದಪ್ಪ ಗೆರೆ ಉಳಿಯುತ್ತದೆ. ಅದಕ್ಕೇ ದಪ್ಪ ಅಕ್ಷರ ಬೇಕು ಎನ್ನುತ್ತೇವೆ. ಆದರೆ ಕನ್ನಡದ ಎಷ್ಟೋ ಅಕ್ಷರಗಳ ಗುರುತು ಇರುವುದು ಗೆರೆಯಲ್ಲಲ್ಲ, ಗೆರೆಗಳ ನಡುವಿನ ಖಾಲಿ ಜಾಗದಲ್ಲಿ. ಪ ಮತ್ತು ಷ ಬೇರೆಯಾಗುವುದು ಒಳಗಿನ ಒಂದು ಸಣ್ಣ ಗೆರೆಯಿಂದ. ರ ಮತ್ತು ಠ ಬೇರೆಯಾಗುವುದು ಹೊಟ್ಟೆಯೊಳಗಿನ ಚುಕ್ಕೆಯಿಂದ. ದ, ಧ, ಥ ಮೂರರ ವ್ಯತ್ಯಾಸ ಕೆಳಗಿನ ಸೀಳು ಮತ್ತು ಒಳಗಿನ ಚುಕ್ಕೆ. ಬ–ಭ, ಡ–ಢ, ಪ–ಫ ಜೋಡಿಗಳಲ್ಲೂ ಅದೇ ಸೀಳು. ಗೆರೆಯನ್ನು ದಪ್ಪ ಮಾಡುತ್ತಾ ಹೋದಂತೆ ಈ ಒಳಬಯಲು ಕಿರಿದಾಗುತ್ತದೆ, ಕೊನೆಗೆ ಮುಚ್ಚಿಹೋಗುತ್ತದೆ. ಆಗ ‘ಮಠ’ ಎಂಬುದು ‘ಮರ’ದಂತೆ ಕಾಣುತ್ತದೆ. ಆದಿಚುಂಚನಗಿರಿ ಮಠಕ್ಕೆ ದಾರಿ ತೋರುವ ಫಲಕದಲ್ಲಿ ಹಾಗಾದರೆ ಊರಿನವರು ಹೇಗೋ ಓದಿಕೊಳ್ಳುತ್ತಾರೆ, ಹೊರಗಿನಿಂದ ಬಂದವರು ತಡಕಾಡುತ್ತಾರೆ.

ಎರಡನೆಯ ತೊಡಕು ಒತ್ತಕ್ಷರ. ಇಂಗ್ಲಿಷಿನ ದೊಡ್ಡಕ್ಷರಗಳ ಸಾಲಿಗೆ ಒಂದೇ ಅಂತಸ್ತು. ಕನ್ನಡದ ಸಾಲಿಗೆ ಮೂರು: ಮೇಲೆ ತಲೆಕಟ್ಟು, ಗುಡಿಸು, ನಡುವೆ ಅಕ್ಷರದ ಮೈ, ಕೆಳಗೆ ಒತ್ತು, ವಟ್ರಸುಳಿ. ಕೆಳಗಿನ ಒತ್ತು ಮೈಯಕ್ಷರಕ್ಕಿಂತ ಚಿಕ್ಕದು, ಆದರೆ ಗೆರೆಯ ದಪ್ಪ ಹೆಚ್ಚುಕಡಿಮೆ ಅಷ್ಟೇ ಇರಬೇಕು, ಇಲ್ಲದಿದ್ದರೆ ದೂರದಿಂದ ಮಾಯವಾಗುತ್ತದೆ. ಚಿಕ್ಕ ಜಾಗದಲ್ಲಿ ದಪ್ಪ ಗೆರೆ ಸುತ್ತಬೇಕು. ಒಳ್ಳೆಯ ಫಾಂಟ್ ಮಾಡುವವರು ಹೆಚ್ಚು ಶ್ರಮ ಹಾಕುವುದು ಇಲ್ಲಿಯೇ. ಕಳಪೆ ಫಾಂಟ್ ಸಿಕ್ಕಿಬೀಳುವುದೂ ಇಲ್ಲಿಯೇ.

ಪರೀಕ್ಷೆಗೆ ನಮ್ಮ ಊರುಗಳ ಹೆಸರೇ ಸಾಕು

ಫಾಂಟ್ ಆರಿಸುವಾಗ ಅಂಗಡಿಯವರು ‘ಕನ್ನಡ’ ಎಂದೋ ‘ನಮಸ್ಕಾರ’ ಎಂದೋ ಟೈಪ್ ಮಾಡಿ ತೋರಿಸುತ್ತಾರೆ. ಅದರಿಂದ ಏನೂ ತಿಳಿಯುವುದಿಲ್ಲ. ನಮ್ಮ ಸೀಮೆಯ ಹೆಸರುಗಳನ್ನೇ ಬರೆಸಿ ನೋಡಿ.

ಮೊದಲನೆಯದು ‘ಕೃಷ್ಣರಾಜಪೇಟೆ’. ಹಿಂದೆ ಅತ್ತಿಕುಪ್ಪೆ ಎನಿಸಿಕೊಂಡಿದ್ದ ಊರು ಈ ಹೊಸ ಹೆಸರಿನಿಂದ ಅಕ್ಷರ ಬರೆಯುವವರಿಗೆ ಒಳ್ಳೆಯ ಪರೀಕ್ಷೆಯನ್ನೇ ಒಡ್ಡಿದೆ. ‘ಕೃ’ದ ವಟ್ರಸುಳಿ ಕೆಳಗಿಳಿದು ಪಕ್ಕದ ‘ಷ್ಣ’ದ ಣ ಒತ್ತಿಗೆ ತಾಗುತ್ತದೆಯೇ ನೋಡಿ. ಅದೇ ಹೆಸರಿನಲ್ಲಿ ಷ ಕೂಡ ಇದೆ, ಪ ಕೂಡ ಇದೆ. ಹತ್ತು ಹೆಜ್ಜೆ ಹಿಂದೆ ಸರಿದು ನೋಡಿದಾಗ ಎರಡೂ ಒಂದೇ ಥರ ಕಂಡರೆ ಆ ದಪ್ಪ ನಿಮ್ಮ ಬೋರ್ಡಿಗೆ ಬೇಡ. ‘ಪೇ’ಯ ದೀರ್ಘದ ಇಳಿ ಮುಂದಿನ ‘ಟೆ’ಗೆ ಅಂಟಿಕೊಳ್ಳಬಾರದು.

‘ಶ್ರೀರಂಗಪಟ್ಟಣ’ದಲ್ಲಿ ಶ್ರೀ ಮತ್ತು ಟ್ಟ ಎರಡನ್ನೂ ನೋಡಿ. ಶ್ರೀಯಲ್ಲಿ ಮೇಲೆ ಗುಡಿಸು, ಪಕ್ಕದಲ್ಲಿ ದೀರ್ಘ, ಕೆಳಗೆ ರ ಒತ್ತು. ಒಂದೇ ಅಕ್ಷರ ಸಾಲಿನ ಪೂರ್ತಿ ಎತ್ತರವನ್ನು ತಿನ್ನುತ್ತದೆ. ‘ಪಾಂಡವಪುರ’ದಲ್ಲಿ ಸೊನ್ನೆಯ ತೂತು ತೆರೆದಿದೆಯೇ ನೋಡಿ, ಅತಿ ದಪ್ಪದಲ್ಲಿ ಅದು ಮುಚ್ಚಿ ಬೊಟ್ಟಾಗುತ್ತದೆ. ಜೊತೆಗೆ ಪ ಮತ್ತು ವ ಬೇರೆ ಬೇರೆಯಾಗಿ ಕಾಣಬೇಕು. ‘ನಾಗಮಂಗಲ’ ಬರೆಸಿ ನೋಡಿ ಫಾಂಟ್ ಮೆಚ್ಚಿಕೊಳ್ಳಬೇಡಿ. ಆ ಹೆಸರಿನಲ್ಲಿ ಒತ್ತೂ ಇಲ್ಲ, ಗುಡಿಸೂ ಇಲ್ಲ. ಯಾವ ಅಕ್ಷರದಲ್ಲಿ ಬರೆದರೂ ಅಂದವಾಗಿಯೇ ಕಾಣುತ್ತದೆ.

ಇನ್ನೂ ಗಟ್ಟಿ ಪರೀಕ್ಷೆ ಬೇಕಾದರೆ ಹೊಸಹೊಳಲಿನ ದೇವರ ಹೆಸರು ಬರೆಸಿ: ‘ಲಕ್ಷ್ಮೀನಾರಾಯಣ’. ‘ಕ್ಷ್ಮೀ’ಯಲ್ಲಿ ಕ ಮೇಲೆ, ಅದಕ್ಕೆ ಷ ಒತ್ತು, ಅದರ ಜೊತೆ ಮ ಒತ್ತು, ಮೇಲೆ ಗುಡಿಸು, ಪಕ್ಕದಲ್ಲಿ ದೀರ್ಘ. ಎರಡು ಒತ್ತು ಒಂದಕ್ಕೊಂದು ಸೇರದೆ ನಿಂತರೆ ಆ ಫಾಂಟನ್ನು ನಂಬಬಹುದು. ಈ ಹೆಸರಿನ ಅಂಗಡಿ, ಸಂಘ, ಕಲ್ಯಾಣ ಮಂಟಪಗಳು ಎಲ್ಲ ಊರಲ್ಲೂ ಇರುವುದರಿಂದ ಈ ಪರೀಕ್ಷೆ ಎಂದೂ ವ್ಯರ್ಥವಾಗುವುದಿಲ್ಲ. ಹಳ್ಳಿಗಳ ಸೊಸೈಟಿಯವರು ‘ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘ’ ಎಂದು ಬರೆಸಿ ನೋಡಲಿ. ಔಷಧಿ ಅಂಗಡಿಯವರು ‘ಔಷಧ’ ಎಂಬುದನ್ನು. ಥ, ಷ, ಧ ಮೂರೂ ಅಲ್ಲಿ ಬಯಲಿಗೆ ಬರುತ್ತವೆ.

ಬೋರ್ಡು ಮಾಡಿಸುವ ಕ್ರಮ

1. ಮೊದಲು ದೂರ ಅಳೆಯಿರಿ. ಜನ ನಿಮ್ಮ ಬೋರ್ಡನ್ನು ಎಲ್ಲಿಂದ ಓದಬೇಕು? ರಸ್ತೆಯ ಎದುರು ಬದಿಯಿಂದಲೇ, ಬರುತ್ತಿರುವ ಬಸ್ಸಿನಿಂದಲೇ? ಬೋರ್ಡಿನ ಕೆಲಸದಲ್ಲಿ ಒಂದು ಸಾಮಾನ್ಯ ಲೆಕ್ಕವಿದೆ: ಹತ್ತು ಅಡಿ ದೂರಕ್ಕೆ ಒಂದು ಅಂಗುಲ ಎತ್ತರದ ಅಕ್ಷರ ಇದ್ದರೆ ನಿರಾಯಾಸವಾಗಿ ಓದಬಹುದು. ಇದು ಇಂಗ್ಲಿಷಿನ ದೊಡ್ಡಕ್ಷರಕ್ಕೆ ಮಾಡಿದ ಲೆಕ್ಕ. ಕನ್ನಡದಲ್ಲಿ ಈ ಎತ್ತರವನ್ನು ಅಕ್ಷರದ ಮೈಗೆ ಮಾತ್ರ ಹಿಡಿಯಿರಿ. ಗುಡಿಸು, ಒತ್ತುಗಳನ್ನು ಸೇರಿಸಿ ಅಳೆಯಬೇಡಿ. 40 ಅಡಿ ದೂರಕ್ಕೆ ಮೈ ಎತ್ತರ ಕನಿಷ್ಠ 4 ಅಂಗುಲ. 5 ಅಂಗುಲ ಇಟ್ಟರೆ ಒಳ್ಳೆಯದು. ಗಂಟೆಗೆ 50 ಕಿಲೋಮೀಟರ್ ವೇಗದ ಬಸ್ಸು ಸೆಕೆಂಡಿಗೆ ಸುಮಾರು 45 ಅಡಿ ಹೋಗುತ್ತದೆ. ಅದರೊಳಗಿನವರಿಗೆ ನಾಲ್ಕು ಸೆಕೆಂಡು ಸಮಯ ಕೊಡಬೇಕೆಂದರೆ 180 ಅಡಿ ದೂರದಿಂದಲೇ ಓದಿಸಬೇಕು, ಅಂದರೆ 18 ಅಂಗುಲದ ಅಕ್ಷರ. ಅಷ್ಟು ಜಾಗ ಇಲ್ಲದಿದ್ದರೆ ಬಸ್ಸಿನವರನ್ನು ಬಿಟ್ಟು ನಡೆದು ಬರುವವರಿಗಾಗಿ ಬರೆಸಿ. ಇಬ್ಬರಿಗೂ ಎಂದು ಹೊರಟರೆ ಯಾರಿಗೂ ಆಗುವುದಿಲ್ಲ.

2. ಬೋರ್ಡಿನ ಎತ್ತರವನ್ನು ಹಂಚಿ. 10 ಅಡಿ ಉದ್ದ, 3 ಅಡಿ ಎತ್ತರದ ಫಲಕ ಎಂದಿಟ್ಟುಕೊಳ್ಳಿ. 36 ಅಂಗುಲದಲ್ಲಿ ಶೇ 60 ಎಂದರೆ ಸುಮಾರು 22 ಅಂಗುಲ ಕನ್ನಡಕ್ಕೆ. ಅಂಚಿನ ಜಾಗ, ಗುಡಿಸು, ಒತ್ತು ಎಲ್ಲ ಕಳೆದರೆ ಮೈಯಕ್ಷರಕ್ಕೆ ಉಳಿಯುವುದು ಹೆಚ್ಚುಕಡಿಮೆ ಅರ್ಧ, ಅಂದರೆ 10–11 ಅಂಗುಲ. ಇಡೀ 22 ಅಂಗುಲವನ್ನೂ ಅಕ್ಷರವೇ ತುಂಬಬೇಕೆಂದು ಹಟ ಹಿಡಿದರೆ ಒತ್ತುಗಳು ಕೆಳಗಿನ ಇಂಗ್ಲಿಷ್ ಸಾಲಿನ ತಲೆಯ ಮೇಲೆ ಕೂರುತ್ತವೆ. ಹೆಸರಿನಲ್ಲಿ ಒತ್ತೇ ಇಲ್ಲದಿದ್ದರೆ ಮಾತ್ರ ಮೈಯನ್ನು ಹಿಗ್ಗಿಸಬಹುದು.

3. ದಪ್ಪ ಅಕ್ಷರಕ್ಕೆ ಎರಡು–ಮೂರು ಪದ ಸಾಕು. ಅಂಗಡಿಯ ಹೆಸರು ದಪ್ಪ ದುಂಡಗೆ. ‘ಸಗಟು ಮತ್ತು ಚಿಲ್ಲರೆ ವ್ಯಾಪಾರಿಗಳು’, ವಿಳಾಸ, ಫೋನ್ ನಂಬರು ಇವೆಲ್ಲ ತೆಳುವಾದ ಸರಳ ಅಕ್ಷರದಲ್ಲಿ. ನೋಟೊ ಸ್ಯಾನ್ಸ್ ಕನ್ನಡ ಇದಕ್ಕೆ ಚೆನ್ನಾಗಿ ಹೊಂದುತ್ತದೆ. ಎಲ್ಲವೂ ದಪ್ಪವಾದರೆ ಯಾವುದೂ ಎದ್ದು ಕಾಣುವುದಿಲ್ಲ.

4. ದಪ್ಪವನ್ನು ಒಳಬಯಲಿನಿಂದ ನಿರ್ಧರಿಸಿ. ನಿಮ್ಮ ಹೆಸರಿನಲ್ಲಿರುವ ಅತಿ ಇಕ್ಕಟ್ಟಿನ ಅಕ್ಷರ ಯಾವುದೆಂದು ಹುಡುಕಿ. ಷ, ಥ, ಠ, ಭ ಅಥವಾ ಯಾವುದಾದರೂ ಒತ್ತಿರಬಹುದು. ಅದರೊಳಗಿನ ಖಾಲಿ ಜಾಗ ಗೆರೆಯ ದಪ್ಪದ ಅರ್ಧಕ್ಕಿಂತ ಕಡಿಮೆಯಿದ್ದರೆ ಒಂದು ಹಂತ ತೆಳುವಿನದನ್ನು ಆರಿಸಿ. ಎಕ್ಸ್‌ಟ್ರಾ ಬೋಲ್ಡ್ ಬದಲು ಬೋಲ್ಡ್, ಬೋಲ್ಡ್ ಬದಲು ಸೆಮಿ ಬೋಲ್ಡ್. ನನ್ನ ಅಭಿಪ್ರಾಯದಲ್ಲಿ ನಮ್ಮ ಕಡೆಯ ಬಹುಪಾಲು ಬೋರ್ಡುಗಳಿಗೆ ಸೆಮಿ ಬೋಲ್ಡ್ ಅಥವಾ ಬೋಲ್ಡ್ ಸಾಕು. ಎಕ್ಸ್‌ಟ್ರಾ ಬೋಲ್ಡ್ ಎಂಬುದು ಒತ್ತಿಲ್ಲದ, ಐದಾರು ಅಕ್ಷರದ ಹೆಸರಿಗೆ ಮಾತ್ರ.

5. ಇಂಗ್ಲಿಷನ್ನು ಕಣ್ಣಳತೆಯಿಂದ ಇಳಿಸಿ. ಒಂದೇ ಪಾಯಿಂಟ್ ಅಳತೆ ಕೊಟ್ಟರೆ ಇಂಗ್ಲಿಷ್ ದೊಡ್ಡಕ್ಷರ ಕನ್ನಡಕ್ಕಿಂತ ದೊಡ್ಡದಾಗಿ ಕಾಣುವುದುಂಟು. ಮೇಲಿನ ಉದಾಹರಣೆಯಲ್ಲಿ ಕನ್ನಡದ ಮೈ 10 ಅಂಗುಲ ಇದ್ದರೆ ಇಂಗ್ಲಿಷಿಗೆ 5 ಅಂಗುಲ ಸಾಕು. ಬಲೂ ತಮ್ಮ ಫಾಂಟಿನಲ್ಲಿ ಇಂಗ್ಲಿಷ್ ಅಕ್ಷರಗಳೂ ಅದೇ ಶೈಲಿಯಲ್ಲಿ ಇರುವುದರಿಂದ ಬೇರೆ ಫಾಂಟ್ ತರುವ ಅಗತ್ಯವಿಲ್ಲ.

6. ಬಣ್ಣ ಆಮೇಲೆ. ಮೊದಲು ಕಪ್ಪು–ಬಿಳುಪಿನಲ್ಲಿ ಮುದ್ರಿಸಿ ಓದಿಸಿಕೊಳ್ಳಿ. ಅದರಲ್ಲಿ ಓದಲು ಬಾರದ್ದು ಬಣ್ಣದಲ್ಲೂ ಬರುವುದಿಲ್ಲ. ಕಡು ನೀಲಿ ಅಥವಾ ಕಡು ಹಸಿರಿನ ಮೇಲೆ ಬಿಳಿ, ಹಳದಿಯ ಮೇಲೆ ಕಪ್ಪು ಅಥವಾ ಕಡುಗೆಂಪು ಚೆನ್ನಾಗಿ ಕಾಣುತ್ತವೆ. ಬಿಳಿಯ ಮೇಲೆ ಹಳದಿ, ನೀಲಿಯ ಮೇಲೆ ಕೆಂಪು ಬೇಡ.

ಯಾವುದರ ಮೇಲೆ ಬರೆಸುತ್ತೀರಿ ಎಂಬುದರ ಮೇಲೆ ದಪ್ಪ ಬದಲಾಗುತ್ತದೆ

ಗೋಡೆಗೆ ಅಥವಾ ತಗಡಿಗೆ ಕೈಯಲ್ಲಿ ಬರೆಸುವುದಾದರೆ ಪೇಂಟರಿಗೆ ಕಂಪ್ಯೂಟರ್ ಪ್ರಿಂಟನ್ನು ಕೊಟ್ಟು ಹೀಗೇ ಬರೆಯಿರಿ ಎನ್ನಬೇಡಿ. ಅಳತೆ, ಅಂಚಿನ ಜಾಗ ತಿಳಿಸಿ, ಒತ್ತಿಗೆ ಎಷ್ಟು ಜಾಗ ಬೇಕೆಂದು ಗೆರೆ ಹಾಕಿಸಿ, ಉಳಿದದ್ದನ್ನು ಅವರ ಕೈಗೆ ಬಿಡಿ. ನುರಿತ ಪೇಂಟರ್ ಒತ್ತನ್ನು ಪಕ್ಕಕ್ಕೆ ಸ್ವಲ್ಪ ಸರಿಸಿ, ಸುಳಿಯನ್ನು ತುಸು ಮೊಟಕು ಮಾಡಿ, ಇಕ್ಕಟ್ಟಿನಲ್ಲಿ ಗೆರೆಯನ್ನು ಸಣ್ಣದಾಗಿಸಿ ಹೆಸರನ್ನು ಹೊಂದಿಸುತ್ತಾರೆ. ಫಾಂಟ್‌ಗೆ ಆ ವಿವೇಕ ಇಲ್ಲ. ಯಾವ ಹೆಸರು ಬಂದರೂ ಅದಕ್ಕೆ ಗೊತ್ತಿರುವುದು ಒಂದೇ ಆಕಾರ. ಹಾಗಾಗಿ ಒತ್ತು ಹೆಚ್ಚಿರುವ ಉದ್ದದ ಹೆಸರಿಗೆ ಕೈಬರಹದ ಬೋರ್ಡೇ ಇಂದಿಗೂ ಮೇಲು ಎಂದು ನಾನು ಖಚಿತವಾಗಿ ಹೇಳುತ್ತೇನೆ.

ಎಸಿಪಿ (ಅಲ್ಯುಮಿನಿಯಂ ಕಾಂಪೋಸಿಟ್) ಹಾಳೆಯ ಮೇಲೆ ಅಕ್ರಿಲಿಕ್ ಅಕ್ಷರ ಅಂಟಿಸುವ ಬೋರ್ಡಿಗೆ ದುಂಡು ತುದಿ ಬಹಳ ಅನುಕೂಲ. ರೌಟರ್ ಯಂತ್ರದಲ್ಲಿ ತಿರುಗುವ ಬಿಟ್ಟೇ ದುಂಡಗಿರುವುದರಿಂದ ಒಳಮೂಲೆಗಳನ್ನು ಅದು ಚೂಪಾಗಿ ಕತ್ತರಿಸಲಾರದು. ಚೂಪು ಅಕ್ಷರ ಕೊಟ್ಟರೂ ಮೂಲೆ ಮೊಂಡಾಗುತ್ತದೆ. ದುಂಡು ಅಕ್ಷರ ಬರೆದ ಹಾಗೆಯೇ ಬರುತ್ತದೆ. ಥ, ಠಗಳ ಒಳಚುಕ್ಕೆ ಬೇರೆ ತುಣುಕಾಗಿ ಬರುತ್ತದೆ. ಅಂಟಿಸುವಾಗ ಅದನ್ನು ಮರೆಯದಂತೆ ನೋಡಿಕೊಳ್ಳಿ, ಒಂದೆರಡು ವರ್ಷದ ಬಿಸಿಲಿಗೆ ಮೊದಲು ಉದುರುವುದೂ ಅದೇ.

ಒಳಗೆ ಎಲ್ಇಡಿ ಇಟ್ಟು ಬೆಳಗಿಸುವ ಅಕ್ಷರಕ್ಕೆ ಎರಡು ಮಾತು. ಒಂದು, ದೀಪದ ಮಾಡ್ಯೂಲ್ ಕೂರಲು ಗೆರೆ ಸಾಕಷ್ಟು ಅಗಲ ಇರಬೇಕು. ಮೈಯಕ್ಷರದಲ್ಲಿ ಕೂತದ್ದು ಸಣ್ಣ ಒತ್ತಿನಲ್ಲಿ ಕೂರುವುದಿಲ್ಲ. ಆಗ ರಾತ್ರಿ ‘ಕಿಕ್ಕೇರಿ’ ಎಂಬ ಊರಿನ ಹೆಸರು ಒತ್ತಿಲ್ಲದೆ ಬೆಳಗುತ್ತದೆ. ಒತ್ತಿಗೂ ಬೆಳಕು ಬರುವುದೇ ಎಂದು ಕೆಲಸ ಕೊಡುವ ಮೊದಲೇ ಕೇಳಿ. ಎರಡು, ಬೆಳಗುವ ಬಿಳಿ ಅಕ್ಷರ ಕತ್ತಲಲ್ಲಿ ಇರುವುದಕ್ಕಿಂತ ದಪ್ಪವಾಗಿ ಕಾಣುತ್ತದೆ, ಬೆಳಕು ಒಳಬಯಲಿಗೆ ಚೆಲ್ಲುತ್ತದೆ. ಅದಕ್ಕೆ ಹಗಲಿನ ಬೋರ್ಡಿಗಿಂತ ಒಂದು ಹಂತ ತೆಳು ಅಕ್ಷರ ಆರಿಸಿ.

ಜಾತ್ರೆ, ಹಬ್ಬ, ಸಭೆಗಳ ಬ್ಯಾನರ್‌ಗೆ ಪ್ಲಾಸ್ಟಿಕ್ ಫ್ಲೆಕ್ಸ್ ಬೇಡ. ರಾಜ್ಯ ಸರ್ಕಾರ 2016ರಲ್ಲಿಯೇ ಅದನ್ನು ನಿಷೇಧಿಸಿದೆ. ಹೇಮಗಿರಿ ಜಾತ್ರೆಗಾಗಲಿ ಶಾಲೆಯ ಸಮಾರಂಭಕ್ಕಾಗಲಿ ಬಟ್ಟೆಯ ಬ್ಯಾನರ್ ಮಾಡಿಸಿ. ಬಟ್ಟೆಯಲ್ಲಿ ಬಣ್ಣ ಸ್ವಲ್ಪ ಹರಡುತ್ತದೆ, ಅಕ್ಷರ ತಾನಾಗಿ ಉಬ್ಬುತ್ತದೆ. ಇಲ್ಲೂ ಒಂದು ಹಂತ ತೆಳುವೇ ಸರಿ.

ಬೆಲ್ಲದ ಪೆಟ್ಟಿಗೆ, ಗೋಣಿಚೀಲ, ಹಾಲಿನ ಕ್ಯಾನುಗಳ ಮೇಲೆ ಅಚ್ಚು ತಗಡು ಇಟ್ಟು ಬಣ್ಣ ಹೊಡೆಯುವವರು ಗಮನಿಸಬೇಕಾದ್ದು ಬೇರೆ. ತಗಡಿನಲ್ಲಿ ಅಕ್ಷರ ಕತ್ತರಿಸಿದರೆ ರ, ಠ, ವ ಮತ್ತು ಸೊನ್ನೆಯ ಒಳಗಿನ ಹೊಟ್ಟೆ ಕಳಚಿ ಬೀಳುತ್ತದೆ. ಅದು ಬೀಳದಂತೆ ಹೊರಗಿನ ತಗಡಿಗೆ ಸಣ್ಣ ಸೇತುವೆ ಬಿಡಬೇಕು. ಸೇತುವೆಯನ್ನು ಅಕ್ಕಪಕ್ಕದಲ್ಲಿ ಬಿಡಿ. ಧ, ಭಗಳ ಸೀಳು ಇರುವ ಜಾಗದ ಹತ್ತಿರ ಬಿಟ್ಟರೆ ಅಲ್ಪಪ್ರಾಣ ಮಹಾಪ್ರಾಣ ಆಗಿಬಿಡುತ್ತದೆ.

ಎಲ್ಲಿ ಈ ಅಕ್ಷರ ಬೇಡ

ದುಂಡು ಅಕ್ಷರದ ಸ್ವಭಾವ ಮೃದು. ವಿಶ್ವೇಶ್ವರಯ್ಯ ನಾಲೆಯ ದಡದಲ್ಲಿ ‘ಇಲ್ಲಿ ಆಳವಿದೆ, ನೀರಿಗಿಳಿಯಬೇಡಿ’ ಎಂದು ಹಾಕುವ ಫಲಕ ಬೇಕರಿಯ ಬೋರ್ಡಿನಂತೆ ಕಾಣಬಾರದು. ಅಲ್ಲಿ ದಪ್ಪ ಬೇಕು, ದುಂಡು ಬೇಡ. ನೋಟೊ ಸ್ಯಾನ್ಸ್ ಕನ್ನಡದ ಬೋಲ್ಡ್ ಸಾಕು. ಶ್ರದ್ಧಾಂಜಲಿ ಫಲಕ, ಕಾನೂನು ಪ್ರಕಟಣೆ, ಆಸ್ಪತ್ರೆಯ ಒಳಗಿನ ಸೂಚನೆಗಳಿಗೂ ಇದು ಹೊಂದುವುದಿಲ್ಲ. ಕರಪತ್ರದ ಒಳಪುಟದಲ್ಲಿ ಪ್ಯಾರಾಗಟ್ಟಲೆ ಈ ಅಕ್ಷರದಲ್ಲಿ ಅಚ್ಚು ಹಾಕಿಸಿದರೆ ನಾಲ್ಕು ಸಾಲಿಗೆ ಕಣ್ಣು ದಣಿಯುತ್ತದೆ.

ಒಂದನೇ, ಎರಡನೇ ತರಗತಿಯ ಗೋಡೆ ಬರಹಕ್ಕೆ ಹಲವರು ಇದನ್ನೇ ಆರಿಸುತ್ತಾರೆ. ಮಕ್ಕಳಿಗೆ ಮುದ್ದಾಗಿ ಕಾಣುತ್ತದೆ ನಿಜ. ಆದರೆ ಅಕ್ಷರ ಕಲಿಯುವ ಮಗು ಪ–ಷ, ದ–ಧ ಭೇದವನ್ನು ಗುರುತಿಸಿಕೊಳ್ಳುತ್ತಿರುವ ಕಾಲ ಅದು. ಅಲ್ಲಿ ರೆಗ್ಯುಲರ್ ಅಥವಾ ಮೀಡಿಯಂ ದಪ್ಪವನ್ನು ಮೀರಬಾರದು. ವರ್ಣಮಾಲೆಯ ಚಿತ್ರಪಟಕ್ಕೆ ಎಕ್ಸ್‌ಟ್ರಾ ಬೋಲ್ಡ್ ಹಾಕುವುದು ತಪ್ಪು ಎಂದೇ ನನ್ನ ಅಭಿಪ್ರಾಯ. ಶಾಲೆಯ ಹೆಸರಿಗೆ ಧಾರಾಳವಾಗಿ ಹಾಕಿ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಎಲ್ಲಕ್ಕಿಂತ ದೊಡ್ಡದು ಕೃತಕ ದಪ್ಪ. ತೆಳು ಫಾಂಟಿಗೆ ಸುತ್ತಲೂ ಔಟ್‌ಲೈನ್ ಕೊಟ್ಟು ಉಬ್ಬಿಸುವುದು. ಔಟ್‌ಲೈನ್ ಹೊರಗೆ ಬೆಳೆದಷ್ಟೇ ಒಳಗೂ ಬೆಳೆಯುತ್ತದೆ. ಒಳಬಯಲು ಎರಡೂ ಕಡೆಯಿಂದ ಮುಚ್ಚುತ್ತದೆ. ದಪ್ಪವನ್ನೇ ಉದ್ದೇಶಿಸಿ ತಿದ್ದಿದ ಫಾಂಟಿನಲ್ಲಿ ವಿನ್ಯಾಸಕಾರರು ಇಕ್ಕಟ್ಟಿನ ಕಡೆ ಗೆರೆಯನ್ನು ಸಣ್ಣ ಮಾಡಿರುತ್ತಾರೆ, ಅಕ್ಷರವನ್ನು ಅಗಲ ಮಾಡಿರುತ್ತಾರೆ. ಔಟ್‌ಲೈನ್‌ಗೆ ಅದು ತಿಳಿಯದು. ದಪ್ಪ ಬೇಕೆಂದರೆ ಫಾಂಟಿನ ಪಟ್ಟಿಯಿಂದ ಬೋಲ್ಡ್ ರೂಪವನ್ನೇ ಆರಿಸಲು ಹೇಳಿ. ಬಿಳಿ ಔಟ್‌ಲೈನ್, ಅದರ ಮೇಲೆ ಕೆಂಪು ಔಟ್‌ಲೈನ್, ಹಿಂದೆ ನೆರಳು ಎಂದು ಮೂರು ಪದರ ಹಾಕುವುದೂ ಇದೇ ತಪ್ಪಿನ ಮುಂದುವರಿಕೆ.

ಎರಡನೆಯದು ಹಿಗ್ಗಿಸುವುದು, ಕುಗ್ಗಿಸುವುದು. ಹೆಸರು ಉದ್ದವಾಯಿತೆಂದು ಅಕ್ಕಪಕ್ಕದಿಂದ ಒತ್ತಿದರೆ ದುಂಡು ಅಕ್ಷರ ಮೊಟ್ಟೆಯಾಕಾರ ತಾಳುತ್ತದೆ, ನಿಂತ ಗೆರೆ ತೆಳುವಾಗಿ ಮಲಗಿದ ಗೆರೆ ಮಾತ್ರ ದಪ್ಪ ಉಳಿಯುತ್ತದೆ. ‘ಸಂತೇಬಾಚಹಳ್ಳಿ’, ‘ಅಕ್ಕಿಹೆಬ್ಬಾಳು’ ಇಂಥ ಉದ್ದದ ಹೆಸರಿಗೆ ಅಕ್ಷರ ಚಿಕ್ಕದು ಮಾಡಿ, ಇಲ್ಲವೇ ಎರಡು ಸಾಲು ಮಾಡಿ. ಅಗಲವನ್ನೂ ಆರಿಸಿಕೊಳ್ಳಬಹುದಾದ ಅನೇಕ್ ಕನ್ನಡದಂಥ ಫಾಂಟ್ ಕೂಡ ಇದೆ. ಪೂರ್ತಿ ದುಂಡು ತುದಿ ಅದಕ್ಕಿಲ್ಲ, ಆದರೆ ಇಕ್ಕಟ್ಟಿನ ಬೋರ್ಡಿಗೆ ಕುಗ್ಗಿಸಿದ ದುಂಡು ಅಕ್ಷರಕ್ಕಿಂತ ಎಷ್ಟೋ ವಾಸಿ.

ಎರಡು ಸಾಲು ಮಾಡಿದಾಗ ನಡುವಿನ ಅಂತರ ಸಾಲದೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿನ ಮೇಲೆ ಬೀಳುತ್ತದೆ. ಇಂಗ್ಲಿಷಿಗೆ ಹೊಂದಿಸಿದ ಸಾಲಿನ ಅಂತರವನ್ನೇ ಕನ್ನಡಕ್ಕೂ ಬಿಡುವುದರಿಂದ ಹೀಗಾಗುತ್ತದೆ.

ಇನ್ನೊಂದು ತೊಂದರೆ ಕಂಪ್ಯೂಟರಿನದು. ನಮ್ಮ ಕಡೆಯ ಹಲವು ಡಿಟಿಪಿ ಅಂಗಡಿಗಳಲ್ಲಿ ನುಡಿ, ಬರಹ, ಶ್ರೀಲಿಪಿಗಳ ಹಳೆಯ ಸಂಕೇತದ ಫಾಂಟುಗಳೇ ಕೆಲಸಕ್ಕಿವೆ. ನೀವು ಮೊಬೈಲಿನಲ್ಲಿ ಟೈಪ್ ಮಾಡಿ ವಾಟ್ಸ್ಆ್ಯಪ್‌ನಲ್ಲಿ ಕಳಿಸುವುದು ಯೂನಿಕೋಡ್. ಬಲೂ ತಮ್ಮ ಕೂಡ ಯೂನಿಕೋಡ್. ಎರಡನ್ನೂ ಬೆರೆಸಿದರೆ ಚೌಕಗಳೋ ಇಂಗ್ಲಿಷ್ ಚಿಹ್ನೆಗಳೋ ಬರುತ್ತವೆ. ಹಳೆಯ ಕೋರಲ್ ಡ್ರಾ ಆವೃತ್ತಿಗಳಲ್ಲಿ ಯೂನಿಕೋಡ್ ಕನ್ನಡ ಹಾಕಿದರೆ ಒತ್ತು ಕೆಳಗೆ ಹೋಗದೆ ‘ಕಿಕ್‌ಕೇರಿ’ ಎಂದು ಅರ್ಧಾಕ್ಷರವಾಗಿ ಒಡೆದು ನಿಲ್ಲುತ್ತದೆ. ಆಗ ಹೊಸ ಆವೃತ್ತಿ ಇರುವವರ ಬಳಿ ಮಾಡಿಸಿ, ಅಥವಾ ಉಚಿತವಾಗಿ ಸಿಗುವ ಇಂಕ್‌ಸ್ಕೇಪ್‌ನಲ್ಲಿ ಹೆಸರನ್ನು ಸಿದ್ಧಪಡಿಸಿ ಆಕೃತಿಯಾಗಿ ಬದಲಾಯಿಸಿ ತರಿಸಿಕೊಳ್ಳಿ. ಫೋಟೋಶಾಪ್‌ನ ಹಳೆಯ ಆವೃತ್ತಿ ಬಳಸುವವರು ಅಕ್ಷರದ ಸೆಟ್ಟಿಂಗಿನಲ್ಲಿ ಭಾರತೀಯ ಲಿಪಿಗಳಿಗೆ ಬೇಕಾದ ವರ್ಲ್ಡ್ ರೆಡಿ ಆಯ್ಕೆಯನ್ನು ಹಾಕಬೇಕು. ಒಡೆದ ಒತ್ತನ್ನು ಕೈಯಿಂದ ಎಳೆದು ಜೋಡಿಸಿ ‘ಅಡ್ಜಸ್ಟ್’ ಮಾಡಿಕೊಡುತ್ತೇವೆ ಎಂದರೆ ಒಪ್ಪಬೇಡಿ, ಎಲ್ಲೋ ಒಂದು ಕಡೆ ತಪ್ಪು ಉಳಿದೇ ಉಳಿಯುತ್ತದೆ.

ಎಚ್ಚರಿಕೆ

ಮೈಸೂರಿಗೋ ಮಂಡ್ಯಕ್ಕೋ ಮುದ್ರಣಕ್ಕೆ ಕಳಿಸುವ ಫೈಲಿನಲ್ಲಿ ಅಕ್ಷರವನ್ನು ಕರ್ವ್ಸ್‌ಗೆ ಬದಲಾಯಿಸಿರಬೇಕು. ಇಲ್ಲದಿದ್ದರೆ ಅಲ್ಲಿಯ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದೆ ಬೇರೊಂದು ಕೂರುತ್ತದೆ. ಬದಲಾಯಿಸುವ ಮೊದಲಿನ, ತಿದ್ದಬಹುದಾದ ಫೈಲಿನ ಒಂದು ಪ್ರತಿಯನ್ನು ನೀವೇ ಇಟ್ಟುಕೊಳ್ಳಿ. ಫೋನ್ ನಂಬರು ಬದಲಾದ ದಿನ ಉಪಯೋಗಕ್ಕೆ ಬರುತ್ತದೆ.

ಫಾಂಟಿನ ಹಕ್ಕಿನ ವಿಷಯವನ್ನೂ ಒಮ್ಮೆ ಕೇಳಿ. ಬಲೂ ತಮ್ಮ 2, ನೋಟೊ ಸ್ಯಾನ್ಸ್ ಕನ್ನಡ, ಅನೇಕ್ ಕನ್ನಡ ಮೂರೂ ಮುಕ್ತ ಪರವಾನಗಿಯವು. ಅಂಗಡಿ ಬೋರ್ಡು, ಪೊಟ್ಟಣ, ಜಾಹೀರಾತು ಯಾವುದಕ್ಕಾದರೂ ಹಣ ಕೊಡದೆ ಬಳಸಬಹುದು. ಕದ್ದ ಪ್ರತಿಗಳನ್ನು ಹುಡುಕುವ ಕಾರಣವೇ ಇಲ್ಲ.

ಕೊನೆಯದಾಗಿ ಒಂದು ಮಾತು. ಇಡೀ ಬೋರ್ಡು ಮುದ್ರಿಸುವ ಮೊದಲು ನಿಮ್ಮ ಹೆಸರಿನ ಅತಿ ಕಷ್ಟದ ಒಂದೇ ಒಂದು ಅಕ್ಷರವನ್ನು, ನಿಜವಾದ ಅಳತೆಯಲ್ಲಿ, ಸಾದಾ ಕಾಗದದ ಮೇಲೆ ಮುದ್ರಿಸಿಕೊಡಲು ಕೇಳಿ. ಬೋರ್ಡು ಬರುವ ಜಾಗದಲ್ಲಿ ಅಂಟಿಸಿ, ರಸ್ತೆ ದಾಟಿ ನಿಂತು ನೋಡಿ. ಮನೆಯಲ್ಲಿ ವಯಸ್ಸಾದವರಿದ್ದರೆ ಅವರಿಗೆ ಹೆಸರು ಹೇಳದೆ ಅದು ಯಾವ ಅಕ್ಷರ ಎಂದು ಕೇಳಿ. ಅವರು ತಡವರಿಸದೆ ಹೇಳಿದ ಮೇಲೆಯೇ ಅಡ್ವಾನ್ಸ್ ಕೊಡಿ.